ಸಾಗರ ಪ್ರವಾಸ: ಕಾರು ಬೇಡ, ರೈಲಲ್ಲೇ ಹೋಗೋಣ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳ ಎರಡನೇ ಶನಿವಾರ, ಭಾನುವಾರ ಸಾಗರಕ್ಕೆ ಹೊರಟಿದ್ದೇವೆ. ಶುಕ್ರವಾರ ರಾತ್ರಿ ಬೆಂಗಳೂರಿಂದ ತಾಳಗುಪ್ಪ ರೈಲು. ಟಿಕೆಟ್ ಅವರವರೇ ಮಾಡಿಸಿಕೊಳ್ಳಿ. ಸ್ಲೀಪರ್ ಬೇಗ ತುಂಬುತ್ತದೆ, ತಡ ಬೇಡ.

ಇಳಿಯುವುದು ಸಾಗರ ಜಂಬಗಾರು ಸ್ಟೇಷನ್ನಲ್ಲಿ. ನಿದ್ದೆ ಹತ್ತಿದರೂ ಗಾಬರಿ ಇಲ್ಲ, ಮುಂದೆ ತಾಳಗುಪ್ಪಕ್ಕೇ ಹಳಿ ಮುಗಿಯುತ್ತದೆ! ಉಳಿಯುವ ಮನೆ ಸ್ಟೇಷನ್ ಹತ್ತಿರವೇ, ಆಟೋ ಸಾಕು.

ಶನಿವಾರ ಇಕ್ಕೇರಿ, ಕೆಳದಿ. ಎರಡೂ ಸಾಗರಕ್ಕೆ ಹತ್ತಿರ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನು ನಿಧಾನವಾಗಿ ನೋಡಬೇಕು, ಓಡಿಸಬೇಡಿ. ಭಾನುವಾರ ಬಸ್ಸಲ್ಲಿ ಜೋಗ, ರಾತ್ರಿ ರೈಲಿಗೆ ವಾಪಸ್.

ಜೋಗದಲ್ಲಿ ಮೆಟ್ಟಿಲು ಜಾಸ್ತಿ. ಮಂಡಿನೋವಿದ್ದವರು ಮೇಲಿಂದಲೇ ನೋಡಬಹುದು. ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಬ್ಯಾಗ್ ತನ್ನಿ. ಕೊಡೆ ಮರೆಯಬೇಡಿ.

ಬರುವವರು ಈ ಭಾನುವಾರದೊಳಗೆ ಹೆಸರು, ಎಷ್ಟು ಜನ ಅಂತ ಇಲ್ಲೇ ಹಾಕಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ!