ಉಂಗುರ ಪೋಸ್ಟಿಗೆ ಹಾಕಿಲ್ಲ

ಪ್ರೀತಿಯ ಗಿರೀಶ,

ನೀನು ಹೇಳಿದ ಕ್ಲಾಡಾ ಉಂಗುರ ಇಲ್ಲೇ ಐರ್ಲೆಂಡಿನ ಗಾಲ್ವೇ ಊರಲ್ಲಿ ತಗೊಂಡೆ. ಬೆಳ್ಳಿಯದು. ಎರಡು ಕೈ ಸೇರಿ ಒಂದು ಹೃದಯ ಹಿಡಿದಿವೆ, ಮೇಲೊಂದು ಕಿರೀಟ. ಕೈ ಅಂದ್ರೆ ಗೆಳೆತನ, ಹೃದಯ ಪ್ರೀತಿ, ಕಿರೀಟ ನಿಷ್ಠೆ. ಜೊತೆಗೊಂದು ಚೀಟಿಯನ್ನೂ ಕೊಟ್ಟರು: ಬಲಗೈಯಲ್ಲಿ ಹೃದಯದ ತುದಿ ಹೊರಕ್ಕಿದ್ದರೆ ಇನ್ನೂ ಯಾರೂ ಇಲ್ಲ, ಒಳಕ್ಕಿದ್ದರೆ ಮನಸ್ಸು ಕೊಟ್ಟಾಗಿದೆ, ಎಡಗೈಗೆ ಬಂದರೆ ನಿಶ್ಚಿತಾರ್ಥವೋ ಮದುವೆಯೋ ಆಗಿದೆ. ನೀನು ಕೇಳಿದ್ದೂ ಇದನ್ನೇ ಅಲ್ವಾ?

ಆ ಚೀಟಿ ತಂದು ನಮ್ಮ ಮನೆ ಓನರ್ ಅಜ್ಜಿಗೆ ತೋರಿಸಿದೆ. ಅವರ ಬೆರಳಲ್ಲೂ ಅದೇ ಉಂಗುರ, ಚಿನ್ನದ್ದು. ಸವೆದು ಸವೆದು ಹೃದಯ ಚಪ್ಪಟೆಯಾಗಿದೆ, ಕೈಗಳಲ್ಲಿ ಬೆರಳಿನ ಗೆರೆಯೇ ಉಳಿದಿಲ್ಲ. ಯಾವ ಕಡೆಗೆ ಹಾಕ್ಕೊಂಡಿದ್ದೀರಿ ಅಂದೆ. ಕೈ ತಿರುಗಿಸಿ ನೋಡಿಕೊಂಡು, ‘ಅಮ್ಮ ಹಾಕಿದ ಹಾಗೇ ಇದೆ’ ಅಂದರು.

ಕ್ಲಾಡಾ ಅನ್ನೋದು ಗಾಲ್ವೇ ಕೋಟೆ ಗೋಡೆಯ ಆಚೆ, ಕೊರಿಬ್ ಹೊಳೆ ಕಡಲು ಸೇರುವಲ್ಲಿದ್ದ ಮೀನುಗಾರರ ಕೇರಿ. ರಿಚರ್ಡ್ ಜಾಯ್ಸ್ ಎಂಬವನನ್ನು ಕಡಲ್ಗಳ್ಳರು ಹಿಡಿದು ಉತ್ತರ ಆಫ್ರಿಕಾದ ಅಲ್ಜಿಯರ್ಸ್‌ನ ಅಕ್ಕಸಾಲಿಗೆ ಮಾರಿದರು, ಅವನು ಅಲ್ಲಿ ಕಸುಬು ಕಲಿತು, 1689ರಲ್ಲಿ ಬಿಡುಗಡೆಯಾಗಿ ಊರಿಗೆ ಬಂದು ಈ ಉಂಗುರ ಮಾಡಿದ ಅಂತ ಪ್ರತಿ ಅಂಗಡಿಯಲ್ಲೂ ಕಥೆ ಹೇಳ್ತಾರೆ. 1700ರ ಆಸುಪಾಸಿನ, ಅವನ ಗುರುತಿರುವ ಉಂಗುರಗಳು ಈಗಲೂ ಇವೆ. ಆದರೆ ಕೈಗೆ ಕೈ ಕೂಡಿಸಿದ ಉಂಗುರ ರೋಮನ್ನರ ಕಾಲದಿಂದಲೂ ಯೂರೋಪಿನಲ್ಲಿತ್ತು. ಈ ಕೇರಿಯಲ್ಲಿ ಅದು ಮದುವೆಯ ಉಂಗುರವಾಗಿತ್ತು, ಮೊದಲು ಮದುವೆಯಾಗುವ ಮಗಳಿಗೆ ತಾಯಿ ಕೊಡ್ತಿದ್ದಳು ಅಂತ 1840ರ ದಶಕದಲ್ಲಿ ಬಂದುಹೋದವರೇ ಬರೆದಿದ್ದಾರೆ.

ಅದೇ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಂತು. ಜನ ಅಮೆರಿಕಕ್ಕೆ ಹಡಗು ಹತ್ತಿದರು. 1930ರ ದಶಕದಲ್ಲಿ ಕೇರಿಯ ಹುಲ್ಲುಮನೆಗಳನ್ನೂ ಕೆಡವಿದರು. ಈಗ ಅಮೆರಿಕದಲ್ಲಿ ಹುಟ್ಟಿದವರು ಇಲ್ಲಿಗೆ ಬಂದು, ನಮ್ಮ ಮೂಲ ಐರ್ಲೆಂಡ್ ಅಂತ ಈ ಉಂಗುರವನ್ನೇ ಕೊಂಡು ತೊಡುತ್ತಾರೆ. ಅವರನ್ನು ನೋಡಿದರೆ ನನಗೆ ಸಂಕಟವೂ ಆಗುತ್ತೆ, ಸಂತೋಷವೂ ಆಗುತ್ತೆ ಮಾರಾಯ. ಕೇರಿ ಹೋದರೂ ಹೆಸರು ಬೆರಳಲ್ಲಿ ಉಳೀತಲ್ಲ! ಚೀಟಿಯ ನಿಯಮ ಮಾತ್ರ ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಒಂಟಿಯೋ ಜೋಡಿಯೋ ಅಂತ ಊರಿಗೆಲ್ಲ ಸಾರುವ ಫಲಕ ಮಾಡಿಬಿಟ್ಟಿದ್ದಾರೆ.

ನೀನು ಕಳಿಸಿದ ನೂಲಿನ ಅಳತೆಗಿಂತ ಕೂದಲೆಳೆಯಷ್ಟು ಸಡಿಲ ಇದೆ. ಪೋಸ್ಟಿಗೆ ಹಾಕೋಕೆ ಮನಸ್ಸು ಬರಲಿಲ್ಲ. ದೀಪಾವಳಿಗೆ ಬರ್ತೀನಲ್ಲ, ನಿನ್ನ ಕೈಗೇ ಕೊಡ್ತೀನಿ. ಚೀಟಿ ಇಲ್ಲೇ ಬಿಟ್ಟು ಬರ್ತೀನಿ.

ನಿನ್ನ,
ಶ್ರೀಧರ