ಕೆಸರು ನಿಂತಿತು, ಚೀಲದ ರೇಟು ಏರಿತು: ನಮ್ಮ ಗೊಬ್ಬರ ಕೊಳ್ಳುವವರಿಗೆ ಒಂದು ಪತ್ರ

ಕೋಲಾರ

ಆತ್ಮೀಯ ರೈತರೇ, ತಾರಸಿ ತೋಟದ ಗೆಳೆಯರೇ,

ಈ ತಿಂಗಳಿಂದ ನಮ್ಮ ಕಾಂಪೋಸ್ಟಿಗೆ ಅಪಾರ್ಟ್‌ಮೆಂಟುಗಳ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ ಕೆಸರು ಬೆರೆಸುತ್ತಿಲ್ಲ. 40 ಕೆಜಿ ಚೀಲ 260 ರೂಪಾಯಿ ಇದ್ದದ್ದು 340 ಆಗಿದೆ. ಇವೆರಡಕ್ಕೂ ನಂಟಿದೆ. ಆದರೆ ಎಪಿಎಂಸಿ ಹತ್ತಿರದ ಟೀ ಅಂಗಡಿಗಳಲ್ಲಿ ರೇಟಿನ ಸುದ್ದಿ ಮಾತ್ರ ಓಡಾಡುತ್ತಿದೆ.

"ಹಳೇ ಗೊಬ್ಬರಕ್ಕೆ ವಾರದಲ್ಲಿ ಬೆಳೆ ಕಪ್ಪು ಹಸಿರಾಗ್ತಿತ್ತು. ಈಗಿನದು ಸಪ್ಪೆ, ರೇಟು ಮಾತ್ರ ಖಾರ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊದಲ ಅರ್ಧ ನಿಜ. ಕೆಸರಿನಲ್ಲಿ ಸಾರಜನಕ, ರಂಜಕ ಧಾರಾಳವಾಗಿರುತ್ತವೆ, ಹಸಿರು ಬರದೆ ಇರುತ್ತದೆಯೇ? ಆದರೆ ಕಕ್ಕಸು, ಬಚ್ಚಲು, ಬಟ್ಟೆ ಒಗೆದ ನೀರು ಎಲ್ಲ ಘಟಕಕ್ಕೆ ಹೋದಾಗ ತಿಳಿ ನೀರು ಹೊರಗೆ ಹರಿಯುತ್ತದೆ. ಸತು, ತಾಮ್ರ, ಜೊತೆಗೆ ವಿಷದ ಲೋಹಗಳಾದ ಸೀಸ, ಕ್ಯಾಡ್ಮಿಯಂನ ಹೆಚ್ಚಿನ ಪಾಲು ಕೆಸರಿನಲ್ಲೇ ಕೂರುತ್ತದೆ.

ಕಕ್ಕಸಿನಿಂದ ಬರುವ ಜಂತುಹುಳುವಿನ ಮೊಟ್ಟೆಯ ಭಯ ನಮಗಿರಲಿಲ್ಲ. ರಾಶಿಯ ಬಿಸಿ 55 ಡಿಗ್ರಿಗಿಂತ ಕೆಳಗೆ ಇಳಿಯದ ಹಾಗೆ 15 ದಿನ ಕಾದು, ಐದು ಸಲ ಮಗುಚುತ್ತಿದ್ದೆವು. ಅಮೆರಿಕದವರ 1993ರ ನಿಯಮ ಅದು. ಈ ಕೆಲಸದಲ್ಲಿ ನಮ್ಮ ಕಡೆ ಯಾರೂ ಬೊಟ್ಟು ಮಾಡುವ ಹಾಗಿಲ್ಲ. ಆದರೆ ಬಿಸಿಗೆ ಮೊಟ್ಟೆ ಸಾಯುತ್ತದೆ, ಲೋಹ ಎಲ್ಲಿಗೂ ಹೋಗುವುದಿಲ್ಲ. ರಾಶಿ ಕೊಳೆತು ಅರ್ಧ ತೂಕಕ್ಕೆ ಇಳಿದರೆ ಕೆಜಿಗೆ ಸಿಗುವ ಲೋಹ ಎರಡರಷ್ಟಾಗುತ್ತದೆ.

ಸಿಟಿ ಕಾಂಪೋಸ್ಟಿಗೆ, ಅಂದರೆ ಊರಿನ ಕಸದಿಂದ ಮಾಡುವ ಗೊಬ್ಬರಕ್ಕೆ, ಸರ್ಕಾರದ ಮಿತಿ ಇದೆ. ಕೆಜಿಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100, ಸತು 1000. ಮೂರು ರಾಶಿಯ ಸ್ಯಾಂಪಲ್ ಲ್ಯಾಬಿಗೆ ಕೊಟ್ಟೆವು. ಎರಡು ಪಾಸು. ಒಂದರಲ್ಲಿ ಸತು ಮಿತಿ ದಾಟಿತ್ತು. ಅದನ್ನು ಮಾರಲಿಲ್ಲ, ಶೆಡ್ಡಿನಲ್ಲೇ ಟಾರ್ಪಾಲ್ ಹೊದ್ದು ಕೂತಿದೆ.

ಪಾಸಾದದ್ದನ್ನಾದರೂ ಮುಂದುವರಿಸಬಹುದಿತ್ತು ಅಲ್ವಾ? ಆ ಮಿತಿ ಇರುವುದು ಗೊಬ್ಬರಕ್ಕೆ. ನೀವು ಅದೇ ಮಡಿಗೆ ವರ್ಷ ವರ್ಷವೂ ಹಾಕುತ್ತೀರಿ. ಸಾರಜನಕವನ್ನು ಬೆಳೆ ತಿಂದು ಮುಗಿಸುತ್ತದೆ, ಕ್ಯಾಡ್ಮಿಯಂ ಮೇಲ್ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಯುರೋಪಿನವರು 1986ರಲ್ಲೇ ಕೆಸರಿಗೊಂದು, ಮಣ್ಣಿಗೊಂದು ಮಿತಿ ಇಟ್ಟರು. ನಾವು ನಿಮ್ಮ ಮಣ್ಣನ್ನು ಒಮ್ಮೆಯೂ ನೋಡಿರಲಿಲ್ಲ.

ಈಗ ರೇಟಿನ ವಿಷಯ. ಕೆಸರು ಪುಗಸಟ್ಟೆ ಬರುತ್ತಿತ್ತು. ಲಾರಿ ಬಾಡಿಗೆಯೂ ಅಪಾರ್ಟ್‌ಮೆಂಟಿನವರದ್ದೇ. ಹಾಗಾಗಿಯೇ ಚೀಲ 260ಕ್ಕೆ ನಿಂತಿತ್ತು. ಈಗ ಕೊಟ್ಟಿಗೆ ಗೊಬ್ಬರ ಟ್ರಾಕ್ಟರ್ ಲೋಡಿಗೆ 4,500, ಅದೂ ಟೊಮೇಟೊ ನಾಟಿ ಹೊತ್ತಿಗೆ ಕಾಲು ಹಿಡಿದರೂ ಸಿಗುವುದಿಲ್ಲ. ಶಿಡ್ಲಘಟ್ಟದ ಕಡೆಯಿಂದ ರೇಷ್ಮೆ ಹುಳುವಿನ ಹಿಕ್ಕೆ ತರುತ್ತೇವೆ, ಹೊಂಗೆ ಹಿಂಡಿ ಸೇರಿಸುತ್ತೇವೆ. ತುಂಬಿ ಇಳಿಸುವ ಕೂಲಿ, ಡೀಸೆಲ್, ರಾಶಿ ರಾಶಿಗೂ ಲ್ಯಾಬಿನ ಫೀಸು ಬೇರೆ. "ಸುಮ್ನೆ ನೆಪ, ದುಡ್ಡು ಮಾಡ್ಕೊಳ್ತಾರೆ" ಅನ್ನುವವರು ಒಂದು ದಿನ ಬಂದು ನಮ್ಮ ಲೆಕ್ಕದ ಪುಸ್ತಕ ನೋಡಿ. ಕಾಫಿ ನಾವೇ ಕೊಡುತ್ತೇವೆ.

ಇನ್ನು ಕೆಲವರು ಎಳೆದು ತರುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರಿನ ಯೋಜನೆ. 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ನೀರು, ಕೆಸರಲ್ಲ. ಆ ಜಗಳವೇ ಬೇರೆ, ಅದನ್ನೂ ನಮ್ಮ ತಲೆಗೆ ಕಟ್ಟಬೇಡಿ.

ನಮ್ಮ ತಪ್ಪು ಇಷ್ಟು. ಕೆಸರು ಇದೆ ಅಂತ ಕೇಳಿದವರಿಗೆ ಹೇಳಿದೆವು, ಚೀಲದ ಮೇಲೆ ಬರೆಯಲಿಲ್ಲ. ಲೋಹದ ಪರೀಕ್ಷೆ ಈ ವರ್ಷದವರೆಗೂ ಮಾಡಿಸಲಿಲ್ಲ. ತಾರಸಿಯಲ್ಲಿ ಸೊಪ್ಪು ಬೆಳೆದು ಮಕ್ಕಳಿಗೆ ತಿನ್ನಿಸುವವರಿಗೆ ಇದು ಮೊದಲೇ ಗೊತ್ತಿರಬೇಕಿತ್ತು. ಕ್ಷಮಿಸಿ.

ಹಳೇ ಚೀಲ ಉಳಿದಿದ್ದರೆ ಪಾಲಕ್, ದಂಟು, ಮೂಲಂಗಿಗೆ ಹಾಕಬೇಡಿ. ಸೊಪ್ಪು ಕ್ಯಾಡ್ಮಿಯಂ ಜಾಸ್ತಿ ಎಳೆದುಕೊಳ್ಳುತ್ತದೆ, ಹುಳಿ ಮಣ್ಣಾದರೆ ಇನ್ನೂ ಜಾಸ್ತಿ. ಚೀಲ ವಾಪಸ್ ತನ್ನಿ, ಹೊಸದು ಕೊಡುತ್ತೇವೆ. ಮೇಲಿನ 80 ರೂಪಾಯಿ ಕೇಳುವುದಿಲ್ಲ. ಒಂದೇ ಜಮೀನಿಗೆ ನಾಲ್ಕೈದು ವರ್ಷ ಹಾಕಿದವರು ಒಂದು ಮಾತು ಹೇಳಿ, ನಾವೇ ಬಂದು ಮಣ್ಣು ತೆಗೆದು ನಮ್ಮ ಖರ್ಚಿನಲ್ಲಿ ನೋಡಿಸುತ್ತೇವೆ. ಹೋದ ವಾರ ಮೊದಲು ತೆಗೆದದ್ದು ನಮ್ಮದೇ ಹೊಲದ ಮಣ್ಣು. ರಿಪೋರ್ಟು ಹೇಗೇ ಬರಲಿ, ಅಂಗಡಿ ಬಾಗಿಲಿಗೆ ಅಂಟಿಸುತ್ತೇವೆ.

ಇಂತಿ,
ನಿಮ್ಮ ಗೊಬ್ಬರದ ಅಂಗಡಿಯವರು