ಆಂಬುಲೆನ್ಸ್ ಬಿಲ್ಲು ಗಾಯಾಳುವಿನ ಹೆಗಲಿಗೇ ಏಕೆ?

ಮಾನ್ಯ ಸಂಪಾದಕರೇ,

ಪೀಣ್ಯದಲ್ಲಿ ಪವರ್ ಪ್ರೆಸ್‌ಗೆ ಸಿಲುಕಿ ಕಾರ್ಮಿಕನೊಬ್ಬನ ಕೈ ಜಜ್ಜಿಹೋದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿಯು ‘ಗಾಯಾಳುವನ್ನು ಆಸ್ಪತ್ರೆಗೆ ದಾಖಲಿಸಲಾಗಿದೆ’ ಎಂಬಲ್ಲಿಗೆ ಮುಗಿದಿದೆ. ಆ ಗಾಯಾಳು ನನ್ನ ತಮ್ಮ. ಅವನನ್ನು ಆಸ್ಪತ್ರೆಗೆ ಸಾಗಿಸಿದ ಖರ್ಚನ್ನು ಯಾರು ಭರಿಸಿದರು ಎಂಬುದು ವರದಿಯಲ್ಲಿ ಇಲ್ಲದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ಕೈಯ ಶಸ್ತ್ರಚಿಕಿತ್ಸೆ ತಮ್ಮಲ್ಲಿ ಆಗದೆಂದು ಬೇರೆಡೆಗೆ ಕಳುಹಿಸಿದರು. ಹೀಗಾಗಿ ಒಂದೇ ಸಂಜೆ ಎರಡು ಖಾಸಗಿ ಆಂಬುಲೆನ್ಸ್‌ಗಳಿಗೆ ಹಣ ತೆರಬೇಕಾಯಿತು. ಎರಡನೆಯ ಆಂಬುಲೆನ್ಸ್‌ನ ಚಾಲಕನು ತುರ್ತು ವಿಭಾಗದ ಬಾಗಿಲಲ್ಲಿ ಇಂಜಿನ್ ಆರಿಸದೆ ನಿಂತು, ಪೂರ್ತಿ ಹಣ ಎಣಿಸಿಕೊಳ್ಳುವವರೆಗೂ ಸ್ಟ್ರೆಚರ್ ಇಳಿಸಲು ಬಿಡಲಿಲ್ಲ. ಜೊತೆಗೆ ಬಂದಿದ್ದ ಸಹೋದ್ಯೋಗಿಯಿಂದ ಸಾಲ ಪಡೆದು ಅದನ್ನು ಪಾವತಿಸಿದೆ. ಕೈಗೆ ಬಂದ ರಸೀದಿಯಲ್ಲಿ ವಾಹನದ ಸಂಖ್ಯೆಯ ಮುದ್ರೆ ಮತ್ತು ಒಟ್ಟು ಮೊತ್ತ ಬಿಟ್ಟರೆ ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಂಥ ಆಂಬುಲೆನ್ಸ್ ಎಂಬ ಯಾವ ವಿವರವೂ ಇಲ್ಲ. ಕೇಳಿದ್ದಕ್ಕೆ ಹಿಂಬದಿಯಲ್ಲಿ ಪೆನ್ನಿನಿಂದ ‘ಆಕ್ಸಿಜನ್, ವೇಟಿಂಗ್, ಖಾಲಿ ವಾಪಸ್’ ಎಂದು ಗೀಚಿ, ಕೊನೆಗೆ ಜಿಎಸ್‌ಟಿಯನ್ನೂ ಸೇರಿಸಿ ಕೊಟ್ಟರು. ಆಂಬುಲೆನ್ಸ್‌ನಲ್ಲಿ ರೋಗಿಯನ್ನು ಸಾಗಿಸುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ತಮ್ಮನಿಗೆ ದಾರಿಯುದ್ದಕ್ಕೂ ಆಕ್ಸಿಜನ್ ಹಾಕಿರಲೇ ಇಲ್ಲ. ಪಕ್ಕದಲ್ಲಿ ಕುಳಿತಿದ್ದವನು ನಾನೇ.

ತಮ್ಮನ ಸಂಬಳ 21,000 ರೂಪಾಯಿಯ ಮಿತಿಯನ್ನು ದಾಟಿರುವುದರಿಂದ ಅವನಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲ. ಅವನ ಹಕ್ಕೆಲ್ಲ ನೌಕರರ ಪರಿಹಾರ ಕಾನೂನಿನ ಅಡಿಯಲ್ಲೇ ಬರುತ್ತದೆ. ಕಂಪನಿಯವರು ವಿಮೆ ಇದೆ, ಬಿಲ್ಲು ಕೊಡಿ ಎಂದರು. ವಿಮೆಯವರು, ಆಂಬುಲೆನ್ಸ್ ಎಂದರೆ ಪ್ರಯಾಣ, ಪಾಲಿಸಿ ಇರುವುದು ಚಿಕಿತ್ಸೆಗೆ, ಅಲ್ಲದೆ ಕಿಲೋಮೀಟರ್ ನಮೂದಿಸದ ರಸೀದಿ ನಡೆಯುವುದಿಲ್ಲ ಎಂದು ಹಿಂದಿರುಗಿಸಿದರು. ವಿಮೆಯವರು ಒಪ್ಪದ್ದನ್ನು ತಾವು ಕೊಡಲಾಗದು ಎಂದು ಕಂಪನಿಯವರು ಕೈತೊಳೆದುಕೊಂಡರು. ರಕ್ತ ಸುರಿಯುತ್ತಿರುವ ಕೈಯನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡವನು ಚಾಲಕನಿಂದ ಕಿಲೋಮೀಟರ್ ಬರೆಸಿಕೊಳ್ಳಬೇಕಿತ್ತು ಎಂದು ನಿರೀಕ್ಷಿಸುವವರಿಗೆ ಏನು ಹೇಳಬೇಕು?

1923ರ ನೌಕರರ ಪರಿಹಾರ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿ, ಕೆಲಸದ ವೇಳೆ ಆದ ಗಾಯದ ಚಿಕಿತ್ಸೆಗೆ ನೌಕರನು ಮಾಡಿದ ವಾಸ್ತವ ವೈದ್ಯಕೀಯ ವೆಚ್ಚವನ್ನು ಅವನಿಗೆ ಮರುಪಾವತಿಸತಕ್ಕದ್ದು ಎಂದು ಸೇರಿಸಲಾಯಿತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಇಷ್ಟು ವರ್ಷಗಳಲ್ಲಿ, ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದ ಖರ್ಚು ಆ ವೆಚ್ಚದಲ್ಲಿ ಸೇರುತ್ತದೆಯೇ, ಸೇರುವುದಾದರೆ ಬಿಲ್ಲಿನಲ್ಲಿ ಏನೇನು ಇರಬೇಕು ಎಂದು ಎಲ್ಲರಿಗೂ ಅರ್ಥವಾಗುವಂತೆ ಬರೆದಿಡುವ ಕೆಲಸ ಯಾರಿಂದಲೂ ಆಗಿಲ್ಲವೇ? ಇದೇ ನನ್ನ ತಮ್ಮ ಕಾರ್ಖಾನೆಯ ಗೇಟಿನ ಹೊರಗೆ ತುಮಕೂರು ರಸ್ತೆಯಲ್ಲಿ ವಾಹನ ಬಡಿದು ಬಿದ್ದಿದ್ದರೆ, ಕೇಂದ್ರ ಸರ್ಕಾರ 2025ರಲ್ಲಿ ತಂದ ಯೋಜನೆಯಂತೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಗೆ ಅರ್ಹನಾಗುತ್ತಿದ್ದ. ಗೇಟಿನ ಒಳಗೆ ದುಡಿಯುತ್ತಾ ಗಾಯಗೊಂಡ ತಪ್ಪಿಗೆ ಮೊದಲು ಜೇಬಿನಿಂದ ಕೊಟ್ಟು ಆಮೇಲೆ ಬೇಡಬೇಕು. ಕಾರ್ಖಾನೆ ಕಾಯ್ದೆಯಂತೆ ಐನೂರಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಮಾತ್ರ ಆಂಬುಲೆನ್ಸ್ ಕೊಠಡಿ (ಗಾಯಾಳುಗಳ ಆರೈಕೆಯ ಕೊಠಡಿ) ಕಡ್ಡಾಯವಾಗಿತ್ತು. ನಮ್ಮ ಭಾಗದ ಸಣ್ಣ ಶೆಡ್‌ಗಳಲ್ಲಿ ಅದರ ಮಾತೇ ಇಲ್ಲ.

ಆಂಬುಲೆನ್ಸ್‌ಗೆ ನ್ಯಾಯಸಮ್ಮತ ದರ ನಿಗದಿಪಡಿಸಿ ಎಂದು ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತ್ತು. ನಾವು ಹತ್ತಿದ ಎರಡೂ ಆಂಬುಲೆನ್ಸ್‌ಗಳಲ್ಲಿ ದರಪಟ್ಟಿ ಇರಲಿಲ್ಲ. ಇದನ್ನು ವಿಚಾರಿಸಲು ಹೋದರೆ ಒಂದು ಕಚೇರಿಯವರು ವಾಹನದ ಎಫ್‌ಸಿ (ಸುಸ್ಥಿತಿ ಪ್ರಮಾಣಪತ್ರ) ನೋಡುವುದಷ್ಟೇ ತಮ್ಮ ಕೆಲಸ ಎನ್ನುತ್ತಾರೆ, ಇನ್ನೊಂದು ಕಚೇರಿಯವರು ಆಸ್ಪತ್ರೆಯ ಬಿಲ್ಲಾದರೆ ಮಾತ್ರ ತರಲು ಹೇಳುತ್ತಾರೆ, ಮತ್ತೊಂದರಲ್ಲಿ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಇದು ಇಂದಿನ ಮಾತಲ್ಲ. ಅಪಘಾತದ ತನಿಖೆಗೆ ಬರುವ ಅಧಿಕಾರಿಗಳು ಮಾಲೀಕರ ಕೋಣೆಯಲ್ಲಿ ಕುಳಿತು ಕಾಗದ ತುಂಬಿಸಿಕೊಂಡು ಹೋಗುವುದನ್ನೂ, ಯಂತ್ರದ ಬಳಿ ನಿಂತವರನ್ನು ಒಂದು ಮಾತೂ ಕೇಳದಿರುವುದನ್ನೂ ನಾವು ಬಹಳ ಕಾಲದಿಂದ ನೋಡುತ್ತಿದ್ದೇವೆ. ಪ್ರೆಸ್‌ಗೆ ಕೈ ಸಿಲುಕದಂತೆ ತಡೆಯುವ ಗಾರ್ಡ್ ಇರಲಿಲ್ಲವೆಂದು ಹೇಳಲು ಹೋದವರಿಗೆ ಅರ್ಜಿ ಬರೆದುಕೊಡಿ ಎನ್ನುತ್ತಾರೆ. ಕೊಟ್ಟ ಅರ್ಜಿಗೆ ಸ್ವೀಕೃತಿ ಸಿಗುವುದಿಲ್ಲ.

ಆದ್ದರಿಂದ ಸರ್ಕಾರವು ಕೂಡಲೇ ಆಂಬುಲೆನ್ಸ್ ದರ ಮತ್ತು ಬಿಲ್ಲಿನ ನಮೂನೆಯನ್ನು ನಿಗದಿಪಡಿಸಿ ಪ್ರತಿ ವಾಹನದಲ್ಲೂ ಅಂಟಿಸಲಿ. ಕೆಲಸದ ವೇಳೆ ಗಾಯಗೊಂಡವರಿಂದ ಒಂದು ರೂಪಾಯಿಯನ್ನೂ ಕೇಳದೆ ಆ ಬಿಲ್ಲು ನೇರವಾಗಿ ಮಾಲೀಕರಿಗೇ ಹೋಗುವಂತೆ ಮಾಡಲಿ. ಯಾವುದು ಮೊದಲು ಸಾಧ್ಯವೋ ಅದನ್ನಾದರೂ ಮಾಡಲಿ. ಇದೂ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎನ್ನುವುದಾದರೆ, ಕಾರ್ಮಿಕರ ಹೆಸರಿನಲ್ಲಿ ಇಷ್ಟೊಂದು ಕಚೇರಿಗಳನ್ನು ತೆರೆದು ಕುಳಿತಿರುವುದಾದರೂ ಯಾರಿಗಾಗಿ?

ಇತಿ,
ಗಾಯಾಳುವಿನ ಅಣ್ಣ,
ದಾಸರಹಳ್ಳಿ, ಬೆಂಗಳೂರು